ಒಂಟಿಕಾಲಿನ ಅಕ್ಷರ

ವಕೀಲೆ ಹೇಳಿದಳು: ಮನೆ ತೋರಿಸಿದರೆ ಸಾಲದು,
ಮನೆ ನಿಮ್ಮದು ಅನ್ನುವುದನ್ನು ತೋರಿಸಿ.
ನಲವತ್ತು ವರ್ಷ ಹೊಸ್ತಿಲು ತಿಕ್ಕಿದವಳಿಗೆ ಈ ಮಾತು!
ನಾನು ನಕ್ಕೆ. ಅವಳು ನಗಲಿಲ್ಲ.
ಹೆಸರು ಕ್ರೌದರ್,
ವಯಸ್ಸು ಹೆಚ್ಚೆಂದರೆ ನನ್ನ ಮಂಡಿನೋವಿನಷ್ಟು.

ಗ್ರಿಮ್ಸ್‌ಬಿಯ ಈ ಬೀದಿಯಲ್ಲಿ ಮನೆಗಳೆಂದರೆ
ಡಬ್ಬಿಯಲ್ಲಿ ಅಡಕಿದ ಮೀನು.
ಯಾರದೆಲ್ಲಿ ಮುಗಿಯುತ್ತದೆಂದು
ಕೆಮ್ಮಿದರೆ ತಿಳಿಯುತ್ತಿತ್ತು,
ಕಾಗದ ಬಿಚ್ಚಿದವರಾರು?
ಅರವತ್ತೊಂದರಲ್ಲಿ ಅತ್ತೆ ಕೊಂಡಳು. ಅವಳು ಹೋದಳು, ಮಗನಿಗೆ ಬಂತು.
ಅವನು ಹೋದ, ನನಗೆ ಬಂತು.
ನಡುವೆ ಮಾರಾಟವೇ ಆಗಲಿಲ್ಲವಾಗಿ
ಸರ್ಕಾರದ ಪುಸ್ತಕದಲ್ಲಿ ನಮ್ಮ ಮನೆಯೇ ಇಲ್ಲವಂತೆ.
ಛಾವಣಿಯಿದೆ, ಸೋರುವುದೂ ಇದೆ. ನೋಂದಣಿ ಮಾತ್ರ ಇಲ್ಲ.

ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದೆ.
ಗುಲಾಬಿ ಪಟ್ಟಿ ಕಟ್ಟಿದ ಕಟ್ಟು,
ಎಲ್ಲಕ್ಕೂ ಅಡಿಯಲ್ಲಿ ಮೂಲಪತ್ರ,
ಸಾವಿರದೆಂಟುನೂರ ತೊಂಬತ್ತನಾಲ್ಕು.
ಕುರಿಯ ಚರ್ಮ. ಬಿಡಿಸಿದರೆ ಮತ್ತೆ ಸುರುಳಿ,
ಸತ್ತರೂ ಹಟ ಬಿಡದ ಕುರಿ.
ಕ್ರೌದರ್ ನಾಲ್ಕು ಮೂಲೆಗೆ ನಾಲ್ಕು ಕಪ್ಪು ಇಟ್ಟು ಓದಿದಳು:
ಕೊಂಡವನು, ಅವನ ವಾರಸುದಾರರು, ಎಂದೆಂದಿಗೂ
ಹಂದಿ ಸಾಕಕೂಡದು, ಬಿಯರ್ ಕಾಯಿಸಕೂಡದು,
ಮೀನಿಗೆ ಹೊಗೆ ಹಾಕಕೂಡದು.
ಅತ್ತೆ ಇದರಲ್ಲಿ ಎರಡನ್ನು ಮಾಡಿದ್ದಳು.
ಹಂದಿಗೆ ಅಂಗಳ ಸಾಲದೆಂದು ಬಿಟ್ಟಳು.

ಪಕ್ಕದವರಿಗೆ ನಮ್ಮ ಹಿತ್ತಿಲಲ್ಲಿ ಹಾದಿಯ ಹಕ್ಕಿದೆಯಂತೆ,
ಹಗಲಾಗಲಿ ಇರುಳಾಗಲಿ,
ಕಲ್ಲಿದ್ದಲ ಕೈಗಾಡಿ ಇರಲಿ, ಇಲ್ಲದಿರಲಿ.
ಅಡಮಾನದ ಪತ್ರ. ಬೆನ್ನ ಮೇಲೆ ಮುದ್ರೆ: ಸಾಲ ತೀರಿತು.
ಕೊಟ್ಟ ಸಂಸ್ಥೆಯೂ ತೀರಿಕೊಂಡಿದೆ.
ಇದು ಜೋಪಾನ, ಅಂದಳು ಕ್ರೌದರ್,
ಕೊಳ್ಳುವವರು ಮೊದಲು ಕೇಳುವುದು ಇದನ್ನೇ.

ಆಮೇಲೆ ನಕ್ಷೆ ಬಿಡಿಸಿದಳು.
ನಮ್ಮ ಮನೆಗೆ ತೆಳು ಕೆಂಪು ಬಳಿದಿದ್ದಾರೆ.
ಪೂರ್ವದ ಗೋಡೆಯ ಗೆರೆಗೆ ತಾಗಿ, ಒಳಗಡೆ,
ಚಪ್ಪಟೆ ತಲೆಯ ಒಂಟಿಕಾಲಿನ ಅಕ್ಷರ, ಟಿ.
ಇದೇನು?
ಯಾರ ಅಂಗಳದಲ್ಲಿ ನಿಂತಿದೆಯೋ ಗೋಡೆ ಅವರದು,
ಬಿದ್ದರೆ ಕಟ್ಟಿಸಬೇಕಾದವರೂ ಅವರೇ. ನೋಡಿ, ಏಳನೇ ಕಲಮು.

ನಾನು ನೋಡಿದೆ.
ಟಿ ನನ್ನ ಅಂಗಳದಲ್ಲಿ ನಿಂತಿತ್ತು.

ಎಂಬತ್ತೇಳರ ಚಳಿ. ಇರುಳೆಲ್ಲ ಗಾಳಿ.
ಬೆಳಗ್ಗೆ ನೋಡಿದರೆ ಆ ಗೋಡೆ
ನಾನು ಹೆಣೆಯುತ್ತಿದ್ದ ಬಲೆಯ ಮೇಲೆ ಮಲಗಿದೆ,
ಬಲೆ ಸಿಕ್ಕಿಸುವ ಕೊಕ್ಕೆ ಸಮೇತ.
ಕಿಟಕಿಯಿಂದ ಕಿರುಚಿದೆ: ಹೊರೇಸ್ ಸ್ಟ್ಯಾನರ್ಡ್!
ನಿನ್ನ ಗೋಡೆ, ನನ್ನ ಹೊಟ್ಟೆಪಾಡು!
ಐಸ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದಿದ್ದ,
ಹುಬ್ಬಿನಲ್ಲಿ ಇನ್ನೂ ಹಿಮ.
ಏನೂ ಅನ್ನಲಿಲ್ಲ.
ಮೂರು ಭಾನುವಾರ ಒಬ್ಬನೇ ಇಟ್ಟಿಗೆ ಇಟ್ಟ,
ನನ್ನ ಬದಿಗೆ ಗಾರೆಯನ್ನೂ ನಯವಾಗಿ ಎಳೆದ,
ನನ್ನ ಕೊಕ್ಕೆಯನ್ನು ಇದ್ದಲ್ಲೇ ಹುಗಿದ.
ಮೂವತ್ತು ವರ್ಷ ಬದುಕಿದ ಆಮೇಲೆ,
ನಾವು ಮಾತಾಡಲಿಲ್ಲ.
ಅವನ ಡಬ್ಬಿಯಲ್ಲೂ ಇಂಥದೇ ನಕ್ಷೆ ಇದ್ದಿರಬೇಕಲ್ಲ.
ಬಿಚ್ಚಿ ನೋಡಿದ್ದನೋ,
ನೋಡಿಯೂ ಸುಮ್ಮನಿದ್ದನೋ,
ಯಾವುದಿದ್ದರೆ ನನಗೆ ಕಮ್ಮಿ ಉರಿ?

ಮಾರುವವರು ತುಂಬಬೇಕಾದ ಅರ್ಜಿ ಮುಂದಿಟ್ಟಳು.
ನೆರೆಯವರೊಂದಿಗೆ ತಂಟೆ ತಕರಾರು ಇತ್ತೆ?
ಹೌದು, ಇಲ್ಲ. ಗುಬ್ಬಿಯೂ ಕೂರಲಾರದ ಎರಡು ಚೌಕ.
ಇತ್ತು, ತಪ್ಪು ನನ್ನದು ಎಂದು ಬರೆಯಲೆ?
ಕ್ರೌದರ್ ಪೆನ್ನಿನ ಮುಚ್ಚಳ ತೆಗೆದು ಹಾಕಿದಳು, ತೆಗೆದು ಹಾಕಿದಳು.
ತೀರಿಹೋದವರ ಜಗಳ ಲೆಕ್ಕಕ್ಕಿಲ್ಲ, ಅಂದಳು,
ಬರೆದರೆ ಬೆಲೆ ಇಳಿದೀತು.

ಸಂಜೆ ಹಿತ್ತಿಲಿಗೆ ಹೋದೆ.
ಪಕ್ಕದ ಮನೆಯಲ್ಲೀಗ ಲಿಥುವೇನಿಯಾದವರು.
ಆ ಹುಡುಗಿ, ಔಶ್ರಿನೆ, ಬಟ್ಟೆಯ ಹಗ್ಗದ ಒಂದು ತುದಿಯನ್ನು
ಗೋಡೆಯ ಮೇಲಿಂದ ದಾಟಿಸಿ ನನ್ನ ಕೊಕ್ಕೆಗೆ ಬಿಗಿದಿದ್ದಳು.
ಕಂಡೊಡನೆ ನಾಚಿ, ಬಿಚ್ಚಲೆ ಅಂದಳು.
ಇರಲಿ ಅಂದೆ.
ಗಾರೆಯ ಮೇಲೆ ಕೈಯಾಡಿಸಿದೆ.
ಒಂದು ಕಡೆ ಅವನ ಹೆಬ್ಬೆರಳು ಒತ್ತಿದ ಗುಳಿ.
ಅರ್ಜಿ ಇನ್ನೂ ಮೇಜಿನ ಮೇಲಿದೆ,
ಚೌಕ ಎರಡೂ ಖಾಲಿ.